ಟ್ರಂಕಿನಲ್ಲಿಟ್ಟ ಕಣ್ಣು

ನಮ್ಮವರ ಕರಿ ಪ್ಯಾಂಟು ಕಳೆದುಹೋಯಿತು.

ಕಳ್ಳರು ಬಂದಿರಲಿಲ್ಲ. ಇಸ್ತ್ರಿ ಅಂಗಡಿಯವನೂ ಅದಲು ಬದಲು ಮಾಡಿರಲಿಲ್ಲ. ಮನೆಯಿಡೀ ಹುಡುಕಿ ಸುಸ್ತಾದ ಮೇಲೆ ಸಿಕ್ಕಿತು. ಪೂರ್ತಿ ಅಲ್ಲ, ತುಂಡು ತುಂಡಾಗಿ. ನಮ್ಮತ್ತೆ ಪಡಸಾಲೆಯಲ್ಲಿ ಕೂತು ಹಳೆ ಅರಿವೆಯ ತುಂಡು ಜೋಡಿಸಿ ಹೊಲಿಯುತ್ತಿದ್ದ ಕೌದಿಯೊಳಗೆ ಆ ಪ್ಯಾಂಟು ಮುಕ್ಕೋನ ಮುಕ್ಕೋನವಾಗಿ ಸೇರಿಕೊಂಡಿತ್ತು. ಒಂದು ತುಂಡಿನಲ್ಲಿ ಹಿಂದಿನ ಜೇಬು ಕೂಡ ಹಾಗೇ ಉಳಿದಿತ್ತು! (ಜೇಬು ಖಾಲಿ. ಏನಾದರೂ ಇದ್ದಿದ್ದರೆ ನಮ್ಮವರು ಪ್ಯಾಂಟನ್ನು ಇನ್ನೂ ಬೇಗ ಹುಡುಕುತ್ತಿದ್ದರು.)

"ಅತ್ತಿ, ಇದು ನಿಮ್ಮ ಮಗನ ಕರೀ ಪ್ಯಾಂಟ್ ಅಲ್ಲೇನ್ರಿ?" ಅಂದೆ.

"ಕರೀದೆಲ್ಲೈತಿ? ನೀಲಿ. ನಮ್ಮ ಪುಟ್ಯಾನ ಸಾಲಿ ಪ್ಯಾಂಟಿದು."

ಪುಟ್ಯಾ ಎಂದರೆ ನನ್ನ ಮಗ. ಹೈಸ್ಕೂಲಿನಲ್ಲಿದ್ದಾಗ ನೀಲಿ ಪ್ಯಾಂಟು ಹಾಕುತ್ತಿದ್ದದ್ದು ನಿಜ. ಈಗ ಧಾರವಾಡದ ಕಾಲೇಜಿನಲ್ಲಿದ್ದಾನೆ.

"ಸಾಲಿ ಹುಡುಗನ ಪ್ಯಾಂಟು ಇಷ್ಟುದ್ದ ಇರತೈತೇನ್ರಿ?"

"ಹುಡುಗ ಎತ್ತರ ಬೆಳದಾನ. ಹೆತ್ತವ್ವನ ದೃಷ್ಟಿನ ತಾಕತೈತಿ ನೋಡು ಅವಂಗ."

ಮುಗಿಯಿತು. ಕರಿ ಪ್ಯಾಂಟಿನ ವಿಷಯ ನನ್ನ ಕೆಟ್ಟ ದೃಷ್ಟಿಯ ವಿಷಯವಾಯಿತು. ಅತ್ತೆ ಗೌರವ್ವನವರ ಜೊತೆ ವಾದ ಮಾಡಿ ಗೆದ್ದವರು ಬೈಲಹೊಂಗಲದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಶಿಷ್ಯೆಯಾಗುತ್ತೇನೆ.

ಬರೀ ಪ್ಯಾಂಟಿನ ಮಾತಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ಈ ಕೌದಿ ಹೋಗಬೇಕಾದದ್ದು ತೊಟ್ಟಿಲಿಗೆ. ಸುರೇಬಾನದಲ್ಲಿರುವ ನನ್ನ ನಾದಿನಿಯ ಮಗಳು ಚೊಚ್ಚಲ ಗಂಡು ಹೆತ್ತಿದ್ದಳು. ಅತ್ತೆಗೆ ಮರಿಮೊಮ್ಮಗ. ಮುಂದಿನ ವಾರವೇ ಹೆಸರಿಡುವ ಕಾರ್ಯಕ್ರಮವಿತ್ತು. ಆ ಹುಡುಗಿಯ ಅತ್ತೆ ಮನೆಯವರು ದಂಡು ಕಟ್ಟಿಕೊಂಡು ಬರುವವರಿದ್ದರು. ತೊಟ್ಟಿಲಿಗೆ ಕರಿ ಬಟ್ಟೆ ಹಾಕುವುದುಂಟೇ? ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತೇವೆ, ಅದು ಬೇರೆ. ಕೂಸನ್ನು ಕರಿ ಅರಿವೆಯ ಮೇಲೆ ಮಲಗಿಸಿದರೆ ಬೀಗರ ಮುಖ ಹೇಗಾದೀತು? "ಮುತ್ತಜ್ಜಿ ಹೊಲದ ಕೌದಿ" ಅಂತ ಊರೆಲ್ಲ ಹೇಳಿಕೊಂಡು ಬಂದ ಅತ್ತೆಯ ಮುಖ?

ನಮ್ಮ ಭಾಗದಲ್ಲಿ ಗೌರವ್ವನ ಕೌದಿ ಅಂದರೆ ಒಂದು ಹೆಸರಿದೆ. ತವರು ದೊಡವಾಡದಲ್ಲಿ ಹುಡುಗಿಯಾಗಿದ್ದಾಗ ಹಿಡಿದ ಸೂಜಿ. ಅದನ್ನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಹತ್ತು ಜನರ ಮುಂದೆ, "ಅಜ್ಜಿಗೆ ಕಣ್ಣು ಕಾಣೂದಿಲ್ಲ, ಪಾಪ" ಅಂತ ಇಳಿಸಬೇಕೇ? ನನಗೆ ಅದು ಬೇಡವಾಗಿತ್ತು.

ಈಗ ಕಣ್ಣಿನ ಕಥೆ.

ಹೋದ ಚಳಿಗಾಲದಲ್ಲಿ ಊರಲ್ಲಿ ನಡೆದ ನೇತ್ರ ಶಿಬಿರದಲ್ಲಿ ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಸುಸೂತ್ರ. ಎಡಗಣ್ಣಿಗೂ ಪೊರೆ ಬಂದಿದೆ, ಅದನ್ನು ಆಮೇಲೆ ಮಾಡೋಣ ಎಂದರು ಡಾಕ್ಟರು. ಕರಿ ಕನ್ನಡಕ ಕೊಟ್ಟರು, ಹನಿ ಔಷಧಿ ಕೊಟ್ಟರು. ಕೊನೆಯ ಸಲ ಪರೀಕ್ಷೆ ಮಾಡಿ, "ಇನ್ನ ಎಲ್ಲಾ ನೋಡಬಹುದು ಅಜ್ಜಿ" ಅಂತ ಬೆನ್ನು ತಟ್ಟಿ ಕಳಿಸಿದರು. ಅತ್ತೆ ಮನೆಗೆ ಬಂದವರೇ ಕರಿ ಕನ್ನಡಕ ತೆಗೆದರು, ತಮ್ಮ ಹಳೆಯ ಕನ್ನಡಕ ಹಾಕಿಕೊಂಡರು. ಅದರ ಬಲಗಡೆಯ ಗಾಜಿಗೆ ಮೆತ್ತಗಿನ ಅರಿವೆಯಿಂದ ಒಂದು ಪುಟ್ಟ ಪರದೆ ಹೊಲಿದರು. ಒಳಗೆ ಅಸ್ತರು, ಅಂಚಿಗೆ ಸಣ್ಣ ಹೊಲಿಗೆ. ಕೂಸಿನ ತಲೆಗೆ ಕುಂಚಿಗೆ ಹಾಕುವಂತೆ ಹೊಸ ಕಣ್ಣಿಗೂ ಒಂದು ಕುಂಚಿಗೆ!

"ಇದ್ಯಾಕ್ರಿ ಅತ್ತಿ?"

"ಹೊಸಾ ಕಣ್ಣು. ದಿನಾ ಬಳಸಿದ್ರ ಸವದ ಹೋಗೂದಿಲ್ಲೇನು? ಹಬ್ಬ ಹುಣ್ಣಿಮಿಗೆ ಇರಲಿ. ಮನಿ ಕೆಲಸಕ್ಕ ಈ ಹಳೇದ ಸಾಕು."

ನಗಬೇಡಿ. ನಾನು ನಕ್ಕು ಅನುಭವಿಸಿದ್ದೇನೆ. ಪಕ್ಕದ ಮನೆಯ ಪಾರವ್ವ ಬೇರೆ, "ಖರೇ ಐತಿ ಗೌರಕ್ಕ, ಜ್ವಾಕಿ ಮಾಡಬೇಕು" ಅಂತ ಒತ್ತಿ ಹೇಳಿ ಹೋದಳು. ಅಲ್ಲಿಂದ ಈ ಕೌದಿಯ ತನಕ ಆ ಪರದೆ ಎರಡೇ ಸಲ ಎದ್ದಿತ್ತು. ಮುರಗೋಡದ ಮಠದಲ್ಲಿ ಗದ್ದುಗೆಗೆ ಕೈಮುಗಿಯುವಾಗ ಒಂದು ಸಲ. ಮರಿಮೊಮ್ಮಗನ ಮುಖ ನೋಡುವಾಗ ಇನ್ನೊಂದು ಸಲ. ಕೌದಿ ಹೊಲಿದದ್ದೆಲ್ಲ ಪೊರೆ ಬಂದ ಎಡಗಣ್ಣಿನಲ್ಲಿ, ಅದಕ್ಕೆ ಕರಿಯೂ ನೀಲಿಯೂ ಒಂದೇ.

ಅತ್ತೆಯನ್ನು ಮಾತ್ರ ಆಡಿಕೊಂಡು ಏನು ಪ್ರಯೋಜನ? ಆಗ ನಮ್ಮ ಮನೆಗೆ ಬಂದಿದ್ದರೆ ತೋರಿಸುತ್ತಿದ್ದೆ. ಶೋಕೇಸಿನಲ್ಲಿ ಚಿನ್ನದ ಅಂಚಿನ ಕಪ್-ಬಸಿಗಳಿದ್ದವು. ನನ್ನ ಮದುವೆಯಲ್ಲಿ ಬಂದವು. ಅವುಗಳಲ್ಲಿ ಅಲ್ಲಿಯ ತನಕ ಯಾರೂ ಚಹಾ ಕುಡಿದಿರಲಿಲ್ಲ. ಸೋಫಾ ತಂದಾಗ ಬಂದ ಪ್ಲಾಸ್ಟಿಕ್ ಇನ್ನೂ ಸೋಫಾದ ಮೇಲೇ ಇತ್ತು, ಬೇಸಿಗೆಯಲ್ಲಿ ಕೂತವರಿಗೆ ಅಂಟಿಕೊಂಡು ಏಳುತ್ತಿತ್ತು. ಟಿ.ವಿ.ಗೆ ಕಸೂತಿಯ ಮುಸುಕು, ರಿಮೋಟಿಗೆ ಪ್ಲಾಸ್ಟಿಕ್ ಚೀಲ. ಒಳ್ಳೆಯ ಹಾಸಿಗೆ ಬೀಗರಿಗೆ, ಹರಿದ ಹಾಸಿಗೆ ನಮಗೆ. ಅತ್ತೆಯ ಟ್ರಂಕಂತೂ ಒಂದು ಪ್ರಪಂಚ. ವಾಸನೆ ಸಾಬೂನು, ಹೊಸ ಚಾದರ, ಅವರ ತಮ್ಮ ಕೊಟ್ಟ ಕಡುನೀಲಿ ರೇಷ್ಮೆ ಸೀರೆ. "ಒಳ್ಳೇ ದಿನಕ್ಕ ಇರಲಿ" ಅನ್ನುವುದು ನಮ್ಮೆಲ್ಲರ ಮನೆಮಂತ್ರ. ಆ ಒಳ್ಳೆಯ ದಿನ ಎಂದು ಬರುತ್ತದೆ ಅಂತ ಯಾರಾದರೂ ಕೇಳಿದ್ದೇವೆಯೇ?

ಇರಲಿ. ಕೌದಿಗೆ ಬರೋಣ.

ನಾನು ದಿನಾ ಹೇಳಿದೆ. ಅವರು ದಿನಾ ಬೈದರು. ನಮ್ಮವರು, "ಬಿಡ, ಯಾಕ ಅವ್ವನ ಮನಸ್ ನೋಯಸ್ತಿ? ಪ್ಯಾಂಟು ಹ್ವಾದ್ರ ಹೋಗಲಿ" ಅಂದರು. ನಾದಿನಿಯೂ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, "ಕೌದಿ ಇಸ್ಕೊಂಡು ಒಳಗ ಇಟ್ಟಬಿಡೂಣು, ತೊಟ್ಟಿಲಿಗೆ ಬ್ಯಾರೆ ಹಾಸೂಣು" ಅಂದಳು. ಎಷ್ಟು ಸುಲಭ ನೋಡಿ! ಮುದುಕಿಗೆ ಗೊತ್ತಾಗದಂತೆ ಅವಳ ಕೆಲಸವನ್ನು ಮೂಲೆಗೆ ಸರಿಸುವುದು, ಅದಕ್ಕೆ "ಮನಸು ನೋಯಿಸಬಾರದು" ಎಂಬ ಹೆಸರು. ನನಗೆ ಸಿಟ್ಟು ಬಂತು. ಆ ಪರದೆ ಎತ್ತಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟೆ.

ಆಗ ನೆನಪಾದದ್ದು ಗಾಜಿನ ತೋಟ.

ಬೈಲಹೊಂಗಲದ ಪ್ಯಾಟೆಯಲ್ಲಿ ಕಿಟಕಿ ಗಾಜು, ಫೋಟೋ ಫ್ರೇಮಿನ ಅಂಗಡಿ ಇಟ್ಟಿದ್ದ ಮಕ್ತುಮಸಾಬರು ಅಂಗಡಿಯನ್ನು ಮಗನಿಗೆ ಬಿಟ್ಟು, ಮುರಗೋಡ ರಸ್ತೆಯ ಪಕ್ಕದ ತಮ್ಮ ಜಮೀನಿನಲ್ಲಿ ಗಾಜಿನ ಗಿಡ ನೆಟ್ಟಿದ್ದಾರೆ ಅಂತ ಊರೆಲ್ಲ ಮಾತಾಗಿತ್ತು. ಹುಚ್ಚು ಅಂದವರು ಕೆಲವರು, ನೋಡಿ ಬಂದು ಬಾಯಿ ಕಳೆದವರು ಹಲವರು. ನಾನು ಪತ್ರಿಕೆಗೆ ಬರೆಯುವ ಈ ಅಂಕಣಕ್ಕೂ ಒಂದು ವಿಷಯವಾದೀತು, ಅಷ್ಟು ಬಣ್ಣ ಕಂಡರೆ ಅತ್ತೆಯ ಪರದೆಯೂ ಎದ್ದೀತು. ಒಂದೇ ಕಲ್ಲಿಗೆ ಎರಡು ಹಕ್ಕಿ.

"ಅತ್ತಿ, ಇವತ್ತ ಹೊಸಾ ಕಣ್ಣು ತಗೀರಿ ಮತ್ತ" ಅಂದೆ, ಬಸ್ಸಿನಲ್ಲಿ.

"ಗಾಜ ನೋಡಾಕ ಹೊಸಾ ಕಣ್ಣ್ಯಾಕ? ಅದೇನ ದೇವರ ಗುಡಿ ಏನು?"

ಒಂದು ಹಕ್ಕಿ ಅಲ್ಲೇ ಹಾರಿಹೋಯಿತು.

ಮಕ್ತುಮಸಾಬರು ಬಾಗಿಲಲ್ಲೇ ಇದ್ದರು. ಕುರುಚಲು ಬಿಳಿ ಗಡ್ಡ, ಬೆರಳ ತುಂಬ ಹಳೆಯ ಗಾಯದ ಗುರುತು. "ಬರ್ರಿ ಅವ್ವಾರ, ಮೊದಲ ಒಳಗ ಬರ್ರಿ. ನೀರು ಕುಡದು ನೋಡೀರಂತ" ಎಂದು ಕರೆದುಕೊಂಡು ಹೋದರು. ಒಳಗಿನ ಕೋಣೆಯೇ ಅವರ ಮ್ಯೂಸಿಯಂ. ಗೋಡೆಗೆ ಕಪಾಟು, ಕಪಾಟಿಗೆ ಬೀಗ. ಹಳೆಯ ಕಂದೀಲಿನ ಚಿಮಣಿಗಳು, ಗೋಲಿ ಸೋಡಾ ಬಾಟಲಿಗಳು, ಅತ್ತರಿನ ಸೀಸೆಗಳು, ಯಾವುದೋ ವಾಡೆ ಕೆಡವಿದಾಗ ತಂದ ಬಣ್ಣದ ಕಿಟಕಿ ಗಾಜುಗಳು. ಅತ್ತೆಗೆ ಬಹಳ ಮೆಚ್ಚುಗೆಯಾಯಿತು.

"ಹಿಂಗ ಇಡಬೇಕು ನೋಡು ಸಾಮಾನಾ. ಬೀಗ ಹಾಕಿ, ಬೆಚ್ಚಗ" ಅಂತ ನನ್ನ ಕಡೆ ತಿರುಗಿ ಹೇಳಿದರು. (ಶೋಕೇಸಿನ ಧೂಳು ಒರೆಸುವವಳು ನಾನೇ ಎಂಬುದು ಅವರಿಗೆ ಮರೆತಂತಿತ್ತು.)

ಆಮೇಲೆ ಹಿಂಬಾಗಿಲಿನಿಂದ ತೋಟಕ್ಕೆ ಇಳಿದೆವು.

ಏನು ಹೇಳಲಿ? ಎಳೆ ಬಿಸಿಲು. ಕರಿ ಎರೆ ಮಣ್ಣು. ಅದರ ಮೇಲೆ ಕೆಂಪು ಗಾಜಿನ ಮೆಣಸಿನಕಾಯಿ ಹೊತ್ತ ಕಬ್ಬಿಣದ ಗಿಡಗಳು. ಹಳದಿ ಗಾಜಿನ ಸೂರ್ಯಕಾಂತಿ. ಬಿಳಿ ಮಣಿ ಮಣಿ ಪೋಣಿಸಿದ ಜೋಳದ ತೆನೆ. ಗಾಳಿ ಬೀಸಿದರೆ ಇಡೀ ತೋಟ ಕಿಣಿಕಿಣಿ ಅನ್ನುತ್ತದೆ. ಹಸಿರು ಬಾಟಲಿಯ ಗಾಜಿನಲ್ಲಿ ಮಾಡಿದ ಬಾಳೆ ಎಲೆಯೊಳಗಿಂದ ಬಿಸಿಲು ಹಾದು ನನ್ನ ಚಪ್ಪಲಿಯ ಮೇಲೆ ಹಸಿರಾಗಿ ಬಿತ್ತು. ನಾನು ಚಿಕ್ಕ ಹುಡುಗಿಯ ಹಾಗೆ ಕಾಲನ್ನು ಅತ್ತ ಇತ್ತ ಆಡಿಸಿ ನೋಡಿದೆ.

ಅತ್ತೆಗೆ ಮಾತ್ರ ಸಿಟ್ಟು ಬಂದಿತ್ತು.

"ಸಾಬರ, ಇಂಥಾ ನಾಜೂಕ ಸಾಮಾನ ಬಯಲಾಗ ಯಾಕ ಇಟ್ಟೀರಿ? ಆಲಿಕಲ್ಲ ಬಿದ್ರ?"

"ಬಿದ್ದಿತ್ರಿ ಅವ್ವಾರ. ಹೋದ ಬ್ಯಾಸಗ್ಯಾಗ ಅರ್ಧಾ ತೋಟ ಒಡದ ಹೋತು. ನನ್ನ ಹೇಣ್ತಿ ಅತ್ತಳು. ಚೂರೆಲ್ಲಾ ಬಳದು, ಮತ್ತ ಭಟ್ಟಿಗೆ ಹಾಕಿ, ಮತ್ತ ಮಾಡಿದ್ನಿ."

"ಮತ್ತ ಬಯಲಾಗ ಇಟ್ರಿ!"

"ಇಟ್ಟೆ. ಒಳಗ ಕಪಾಟಿನ್ಯಾಗ ಇದ್ದದ್ದು ಕೆಲಸ ಮುಗದದ್ದು ಅವ್ವಾರ. ಕಂದೀಲ ಹಚ್ಚವರು ಈಗ ಇಲ್ಲ, ಅದಕ್ಕ ಚಿಮಣಿ ಒಳಗೈತಿ. ಇವಕ್ಕ ಇನ್ನೂ ಕೆಲಸ ಐತಿ. ಬಿಸಲ ಬೀಳಲಿಲ್ಲಂದ್ರ ಇದು ಬರೇ ಬಾಟಲಿ ಚೂರು."

ಅತ್ತೆ ಸೆರಗು ಸರಿಮಾಡಿಕೊಂಡರು. ಮುಂದೆ ನಡೆದರು. ತೋಟದ ಕೊನೆಯಲ್ಲಿ ಒಂದು ಪಟ್ಟಿ ನೆಲದ ತುಂಬ ತೆಳ್ಳನೆಯ ತಂತಿಗಳು, ಪ್ರತಿ ತಂತಿಯ ತುದಿಗೂ ಐದೆಸಳಿನ ಸಣ್ಣ ಹೂವು. ಅತ್ತೆ ಬಾಗಿ ನೋಡಿದರು. ಮುಖ ಸಿಂಡರಿಸಿದರು.

"ಇದು ಅಗಸೀ ಹೊಲ ಅಲ್ಲೇನ್ರಿ?"

"ಬರೋಬ್ಬರಿ ಗುರ್ತ ಹಿಡದ್ರಿ ನೋಡ್ರಿ. ಅಗಸೀನ."

"ಎಲ್ಲಾ ಚಂದ ಮಾಡಿ ಇಲ್ಲೊಂದ ಯಾಕ ಕೆಡಿಸಿದ್ರಿ? ಅಗಸೀ ಹೂವು ಎಲ್ಲೆರೆ ಕರೇವು ಇರತಾವೇನು? ದೊಡವಾಡದಾಗ ನಮ್ಮಪ್ಪನ ಹೊಲದಾಗ ಅಗಸಿ ಹೂ ಬಿಟ್ರ, ಮುಗಿಲ ಕೆಳಗ ಇಳದಂಗ ಕಾಣತಿತ್ತು. ನೀಲಿ ಇರತಾವ್ರಿ ಅವು, ನೀಲಿ."

ಮಕ್ತುಮಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನೀಲೀನ ಅದಾವ ಅವ್ವಾರ" ಅಂದರು ಅವರು, ಬಹಳ ಮೆತ್ತಗೆ. "ಔಷಧಿ ಬಾಟಲಿ ಗಾಜದು. ಅಚ್ಚ ನೀಲಿ ಅದಾವ."

ನಾನು ಬಾಯಿ ತೆರೆಯಲಿಲ್ಲ. ಇಷ್ಟು ದಿನ ತೆರೆದು ಏನು ಸಾಧಿಸಿದ್ದೆ? ಅತ್ತೆ ಒಂದು ಹೂವಿನ ಕೆಳಗೆ ಅಂಗೈ ಒಡ್ಡಿದರು. ಗಾಜಿನಿಂದ ಹಾದ ಬಿಸಿಲು ಅಂಗೈ ನಡುವೆ ಬಿತ್ತು. ಅದನ್ನೇ ನೋಡುತ್ತ ನಿಂತರು. ಇನ್ನೊಂದು ಕೈಯ ಬೆರಳಿನಿಂದ ಅದನ್ನು ಒರೆಸಿದರು. ಮಸಿ ಒರೆಸುವ ಹಾಗೆ ಒರೆಸಿದರು. ಅದು ಹೋಗಲಿಲ್ಲ.

ಆಗ ಅವರ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಪರದೆ ಎತ್ತಿದರು.

ಪರದೆ ಇಳಿಸಿದರು. ಮತ್ತೆ ಎತ್ತಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಅಂಗೈಯನ್ನು ಮುಖದ ಹತ್ತಿರ ತಂದರು. ಎದುರು ನಿಂತ ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇಕೆ.

"ನೀಲಿ" ಅಂದರು.

ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದರು. "ಕೌದ್ಯಾಗ ಇದ್ದದ್ದು?"

"ಕರೇವು ಅದಾವ್ರಿ ಅತ್ತಿ."

"ಎಲ್ಲಾನೂ?"

"ಹೂಂನ್ರಿ."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ದಿನಾ ಹೇಳೇನಲ್ರಿ!"

"ನೀ ದಿನಾ ಜಗಳಾಡಿದಿ. ಹೇಳಲಿಲ್ಲ."

ನೋಡಿ, ಸೋತಾಗಲೂ ಗೆಲ್ಲುವುದು ಹೀಗೆ! ಆದರೆ ಒಂದು ಮಾತು ಒಪ್ಪುತ್ತೇನೆ, ಆ ಮಾತು ಸುಳ್ಳಲ್ಲ. ಕರಿಯೋ ನೀಲಿಯೋ ಅಂತ ಕೂಗಾಡಿದ್ದು ಬಿಟ್ಟರೆ, ಅವರ ಕೈ ಹಿಡಿದು ಬಿಸಿಲಿಗೆ ಕರೆತಂದು ತೋರಿಸಿದವರು ನಮ್ಮ ಮನೆಯಲ್ಲಿ ಯಾರಿದ್ದರು?

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಸೀರೆಯ ಮಡಿಲಿನಿಂದ ಸಣ್ಣ ಕತ್ತರಿ ತೆಗೆದು (ಅದು ಅವರ ಬಳಿ ಸದಾ ಇರುತ್ತದೆ) ಕನ್ನಡಕದ ಕುಂಚಿಗೆಯನ್ನು ಕಚಕಚ ಕತ್ತರಿಸಿ, ಕಿಟಕಿಯಿಂದಾಚೆ ಎಸೆದರು. "ನನ್ನ ಕಣ್ಣಿಂದು ಇನ್ನೂ ಕೆಲಸ ಮುಗದಿಲ್ಲ" ಅಂದರು. ನನಗೆ ಹೇಳಿದ್ದೋ, ಹೊರಗಿನ ಹೊಲಗಳಿಗೆ ಹೇಳಿದ್ದೋ, ತಿಳಿಯಲಿಲ್ಲ.

ಮನೆಯಲ್ಲಿ ಹೊಸ ತಕರಾರು ಕಾದಿತ್ತು. ಕೌದಿಯ ಹೊಟ್ಟೆ ಆಗಲೇ ಮುಚ್ಚಿತ್ತು. ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೆ ಒಂದು ತುಣುಕು ರೊಟ್ಟಿ ಇಟ್ಟು, ಕೌದಿಗೆ ಉಣಿಸಿ, ಆಮೇಲೆ ಬಾಯಿ ಮುಚ್ಚುವುದು ನಮ್ಮ ಮನೆಯ ಪದ್ಧತಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಒಮ್ಮೆ ಉಂಡು ಬಾಯಿ ಮುಚ್ಚಿದ ಕೌದಿಯನ್ನು ಬಿಚ್ಚಬಾರದು ಅಂತಲೂ ಇದೆ.

ಪಾರವ್ವ ಓಡಿ ಬಂದಳು. "ಬಿಚ್ಚಬ್ಯಾಡ ಗೌರಕ್ಕ! ಕೂಸಿನ ಕೌದಿ, ಅಪಶಕುನ ಆಕೈತಿ. ನಿನ್ನ ಕಣ್ಣಿನ ಕುಂಚಿಗಿ ಎಲ್ಲಿ ಹೋತು?"

"ಗಾಳಿಗೆ ಹೋತು. ಕೌದಿ ಬಿಚ್ಚಾಕ ಹತ್ತೇನಿ. ಒಮ್ಮಿ ಉಂಡೈತಿ, ಇನ್ನೊಮ್ಮಿ ಉಣ್ಣಲಿ. ಉಂಡವರಿಗೆ ಮತ್ತ ನೀಡಿದ್ರ ಯಾವ ಅಪಶಕುನ ಪಾರವ್ವಾ?"

ಪಾರವ್ವ ಬಂದ ದಾರಿಯಲ್ಲೇ ತಿರುಗಿ ಹೋದಳು. ಹೇಳಿದೆನಲ್ಲ, ಗೆದ್ದವರಿಲ್ಲ.

ನೀಲಿ ಬಟ್ಟೆ ಬೇಕಿತ್ತು. ಅತ್ತೆ ಟ್ರಂಕು ತೆರೆದರು. ನನ್ನ ಮಗನ ಸಾಲಿ ಪ್ಯಾಂಟು ತಳದಲ್ಲಿ ಸಿಕ್ಕಿತು, ಮೊಣಕಾಲುದ್ದ ಇತ್ತು, ಅದರ ಬಗ್ಗೆ ನಾವಿಬ್ಬರೂ ಟೀಕೆ ಮಾಡಲಿಲ್ಲ. ಆದರೆ ಅದೊಂದೇ ಸಾಲುತ್ತಿರಲಿಲ್ಲ. ಆಗ ಅವರ ತಮ್ಮ ಕೊಟ್ಟ ರೇಷ್ಮೆ ಸೀರೆ ಕೈಗೆ ಬಂತು. ತಮ್ಮ ತೀರಿಹೋಗಿ ಬಹಳ ವರ್ಷವಾಯಿತು. "ಇದರ ಬಣ್ಣ ಎಂಥಾದು ಅಂತ ಒಮ್ಮಿ ನೋಡತೇನಿ ತಡಿ" ಎಂದು ಅಂಗಳದ ಬಿಸಿಲಿಗೆ ಹಿಡಿದು ಸೀರೆ ಬಿಚ್ಚಿದರು.

ಸೀರೆ ಮಡಿಕೆ ಮಡಿಕೆಗೂ ಪರ್ ಅಂತ ಸೀಳಿಕೊಂಡಿತು.

ಹುಳು ಹಿಡಿದಿರಲಿಲ್ಲ, ಕಲೆ ಬಿದ್ದಿರಲಿಲ್ಲ. ಮಡಿಚಿದ್ದು ಮಡಿಚಿದಂತೆ ಇಟ್ಟದ್ದಷ್ಟೇ ಅದಕ್ಕೆ ಬಂದ ರೋಗ. ಅತ್ತೆ ಪಡಸಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೀರೆಯ ತುಂಡನ್ನು ತೊಡೆಯ ಮೇಲೆ ಹರಡಿ ಸವರಿದರು. ಅವರ ಅಳುವನ್ನು ನಾನು ನೋಡಿದ್ದು ಕಡಿಮೆ. ಆ ದಿನ ನೋಡಿದೆ.

"ಉಡು ಅಕ್ಕಾ, ಉಡು ಅಕ್ಕಾ ಅಂತಿದ್ದ ನನ್ನ ತಮ್ಮ. ಉಡಲಿಲ್ಲ. ಉಟ್ಟು ಹರದಿದ್ರ ಅವ ನೋಡಿ ಖುಷಿ ಪಡತಿದ್ದ. ನಾ ಇಟ್ಟು ಹರದೆ."

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಸೆರಗಿನಿಂದ ಮೂಗು ಒರೆಸಿಕೊಂಡು, "ದೊಡ್ಡ ಕತ್ತರಿ ಕೊಡಿಲ್ಲೆ" ಅಂದರು.

ಬೆಳಗಿನ ಬಿಸಿಲು ಅಂಗಳಕ್ಕೆ ಬಂದಾಗ ಕೂತರೆ, ಬಿಸಿಲು ಗೋಡೆ ಹತ್ತುವ ತನಕ ಹೊಲಿಗೆ. ಒಂದೊಂದೇ ಕರಿ ತುಂಡು ಬಿಚ್ಚಿದರು. ನಾನು ಸೂಜಿಗೆ ದಾರ ಪೋಣಿಸಲು ಹೋದರೆ ಕೈ ಮೇಲೆ ಹೊಡೆದರು. "ನನಗ ಕಾಣತೈತಿ!" ಹೌದು, ಕಾಣುತ್ತಿತ್ತು. ಹೊಲಿಯುತ್ತ ನಡುವೆ ತಲೆಯೆತ್ತಿ, "ನಿನ್ನ ತಲಿ ಯಾವಾಗ ಇಷ್ಟ ಬೆಳ್ಳಗಾತು?" ಅಂದರು. (ಹೊಸ ಕಣ್ಣಿನ ಅಡ್ಡ ಪರಿಣಾಮಗಳ ಬಗ್ಗೆ ಡಾಕ್ಟರು ನನಗೆ ಹೇಳಿರಲಿಲ್ಲ.) ಕೊನೆಯ ಮೂಲೆಗೆ ಈ ಸಲ ರೊಟ್ಟಿಯ ಜೊತೆ ಒಂದು ಚಿಟಿಕೆ ಬೆಲ್ಲವನ್ನೂ ಇಟ್ಟು ಬಾಯಿ ಮುಚ್ಚಿದರು.

ಸುರೇಬಾನದ ತೊಟ್ಟಿಲಲ್ಲಿ ಆ ಕೌದಿ ಹಾಸಿದಾಗ, ಕೂಸಿನ ಅಪ್ಪನ ತಾಯಿ, ಅಂದರೆ ಬೀಗತಿ, ಅದನ್ನು ಮುಟ್ಟಿ ಮುಟ್ಟಿ ನೋಡಿದರು. "ಇಷ್ಟ ಚಂದ ಐತಿ, ತಗದ ಇಡೂಣ್ರಿ. ಕೂಸು ಒದ್ದಿ ಮಾಡತೈತಿ."

"ಮಾಡಲಿ" ಅಂದರು ಅತ್ತೆ, ಇಡೀ ಮನೆಗೆ ಕೇಳುವಂತೆ. "ಅವ ಒದ್ದಿ ಮಾಡಲಿ ಅಂತನ ಹೊಲದೇನಿ. ತಗದಿಟ್ರ ನಾ ತಿರುಗಿ ಒಯ್ಯತೇನಿ."

ಕೂಸು ಮುತ್ತಜ್ಜಿಯ ಮಾತನ್ನು ಮೀರಲಿಲ್ಲ. ಹೆಸರಿಡುವ ಮೊದಲೇ ಆಜ್ಞೆ ಪಾಲಿಸಿತು.

ಆ ಕರಿ ಪ್ಯಾಂಟಿನ ತುಂಡುಗಳೆಲ್ಲ ಸೇರಿ ಈಗ ನಮ್ಮ ಬಾಗಿಲಲ್ಲಿ ಕಾಲೊರಸು ಆಗಿವೆ. ನಮ್ಮವರು ದಿನಾ ತಮ್ಮ ಪ್ಯಾಂಟಿಗೇ ಕಾಲು ಒರೆಸಿಕೊಂಡು ಒಳಗೆ ಬರುತ್ತಾರೆ. ಸೋಫಾದ ಪ್ಲಾಸ್ಟಿಕ್ಕನ್ನು ಅತ್ತೆಯೇ ಕಿತ್ತರು. ಎಡಗಣ್ಣಿಗೂ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಸಿದ್ದಾರೆ. "ಅದೂ ಯಾಕ ಹಳೇದ ಇರಬೇಕು?" ಎಂದು. ಚಿನ್ನದ ಅಂಚಿನ ಕಪ್ಪಿನಲ್ಲಿ ಪಾರವ್ವನಿಗೆ ಚಹಾ ಕೊಟ್ಟೆವು. ಒಂದು ಕಪ್ಪಿನ ಕಿವಿ ಆಗಲೇ ಮುರಿದಿದೆ. ಚೂರನ್ನು ಜೋಪಾನವಾಗಿ ಎತ್ತಿಟ್ಟಿದ್ದೇವೆ, ಮಕ್ತುಮಸಾಬರ ತೋಟಕ್ಕೆ ಬೇಕಾದೀತೇನೋ ಕೇಳಬೇಕು.

ಈ ಬರಹವನ್ನು ನಾನು ಬರೆಯುತ್ತಿರುವುದು ಮದುವೆಯ ಸೀರೆ ಉಟ್ಟುಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು. ಸೆರಗಿಗೆ ಆಗಲೇ ಸ್ವಲ್ಪ ಅರಿಸಿನ ತಾಕಿದೆ. ನಮ್ಮವರು ಬಾಗಿಲಲ್ಲಿ ನಿಂತು, "ಇವತ್ತೇನ ಹಬ್ಬ?" ಅಂದರು. ನಾನು ಉತ್ತರಿಸುವ ಮೊದಲೇ ಪಡಸಾಲೆಯಿಂದ ಅತ್ತೆಯ ದನಿ ಬಂತು: "ಮಂಗಳವಾರ!"

ನಿಮ್ಮ ಟ್ರಂಕಿನ ತಳದಲ್ಲಿರುವ ಆ ಸೀರೆಯ ಮಡಿಕೆ ಬಿಚ್ಚಿ ಎಷ್ಟು ವರ್ಷವಾಯಿತು?